ಎಕ್ಸ್‌ಪ್ಲೇನರ್: ಭಾರತದ ಡ್ರೈವಿಂಗ್ ಲೈಸೆನ್ಸ್ ವಿದೇಶದಲ್ಲಿ ಎಷ್ಟು ದಿನ ನಡೆಯುತ್ತೆ? ಆಮೇಲೇನು?

ಬೆಂಗಳೂರಿನಲ್ಲಿ ಐದಾರು ವರ್ಷ ಕಾರು ಓಡಿಸಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಪಳಗಿದವರಿಗೆ ಜರ್ಮನಿಯ ರಸ್ತೆ ಏನು ಮಹಾ ಅಂತ ಅನಿಸೋದು ಸಹಜ. ಆದರೆ ಅಲ್ಲಿ ನೆಲೆಸಲು ಹೋದವರ ಭಾರತೀಯ ಲೈಸೆನ್ಸನ್ನು ಜರ್ಮನಿಯ ಕಾನೂನು ಒಪ್ಪಿಕೊಳ್ಳುವುದು ಆರು ತಿಂಗಳು ಮಾತ್ರ. ಆರು ತಿಂಗಳು ಮುಗಿದ ಮರುದಿನ ಅದೇ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಕಾರು ತೆಗೆದರೆ, ಕಾನೂನಿನ ದೃಷ್ಟಿಯಲ್ಲಿ ನೀವು ಲೈಸೆನ್ಸ್ ಇಲ್ಲದೆ ಓಡಿಸುತ್ತಿದ್ದೀರಿ. ಅದು ಸ್ಥಳದಲ್ಲೇ ಫೈನ್ ಕಟ್ಟಿ ಮುಗಿಸುವ ಟ್ರಾಫಿಕ್ ಕೇಸ್ ಅಲ್ಲ, ಕ್ರಿಮಿನಲ್ ಅಪರಾಧ. ಜರ್ಮನಿಯ ರಸ್ತೆ ಸಂಚಾರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದಂಡ ಅಥವಾ ಒಂದು ವರ್ಷದವರೆಗೆ ಜೈಲು. ಗೊತ್ತಿದ್ದೂ ಕಾರು ಕೊಟ್ಟ ಸ್ನೇಹಿತನ ಮೇಲೂ ಕೇಸ್ ಆಗಬಹುದು.

ಓದಲು, ಐಟಿ ಕೆಲಸಕ್ಕೆ, ನರ್ಸಿಂಗ್ ಕೆಲಸಕ್ಕೆ ಅಂತ ಕರ್ನಾಟಕದಿಂದ ಯುರೋಪಿಗೆ ಮತ್ತು ಗಲ್ಫಿಗೆ ಹೋಗುವವರು ವೀಸಾ, ಬಾಡಿಗೆ ಮನೆ, ಬ್ಯಾಂಕ್ ಅಕೌಂಟ್ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಲೈಸೆನ್ಸ್ ವಿಷಯ ನೆನಪಾಗುವುದು ಗಡುವು ಹತ್ತಿರ ಬಂದಾಗ. ಹಾಗಾಗಿ ನಿಯಮ ಏನು, ಯಾಕೆ ಹೀಗಿದೆ, ಇದರಲ್ಲಿ ನಮ್ಮ ಆರ್‌ಟಿಓಗಳ ಪಾಲೆಷ್ಟು ಅನ್ನೋದನ್ನು ಒಂದೊಂದಾಗಿ ನೋಡೋಣ.

ಆರು ತಿಂಗಳ ಲೆಕ್ಕ ಹೇಗೆ?

ಪ್ರವಾಸಕ್ಕೆ ಹೋಗುವವರಿಗೂ ನೆಲೆಸಲು ಹೋಗುವವರಿಗೂ ವ್ಯತ್ಯಾಸವಿದೆ. ಜರ್ಮನಿಯಲ್ಲಿ ನೀವು ವಾಸ ಆರಂಭಿಸಿದ ದಿನದಿಂದ ಆರು ತಿಂಗಳು ಲೆಕ್ಕ. ನಡುವೆ ರಜೆಗೆ ಊರಿಗೆ ಬಂದು ಹೋದರೆ ಮೀಟರ್ ಮತ್ತೆ ಸೊನ್ನೆಯಿಂದ ಶುರುವಾಗಲ್ಲ. ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಇರುವುದಿಲ್ಲ ಎಂದು ದಾಖಲೆ ತೋರಿಸಿದರೆ ಮಾತ್ರ ಇನ್ನೂ ಆರು ತಿಂಗಳವರೆಗೆ ವಿಸ್ತರಣೆ ಸಿಗಬಹುದು.

ಇನ್ನೆರಡು ವಿಷಯಗಳನ್ನು ತುಂಬಾ ಜನ ತಪ್ಪು ತಿಳಿದಿರುತ್ತಾರೆ. ಒಂದು, ಎಲ್‌ಎಲ್‌ಆರ್ ಇದ್ದರೆ ಅಲ್ಲಿ ಅದು ಲೆಕ್ಕಕ್ಕಿಲ್ಲ. ಎರಡು, ಜರ್ಮನಿಯಲ್ಲಿ ವಾಸ ಶುರುವಾದ ಮೇಲೆ ರಜೆಗೆಂದು ಬಂದಾಗ ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ಲೈಸೆನ್ಸ್ ಮಾಡಿಸಿಕೊಂಡು ಹೋದರೆ ಅದನ್ನೂ ಒಪ್ಪಲ್ಲ. ಲೈಸೆನ್ಸ್ ಪಡೆಯುವಾಗ ನೀವು ನಿಜಕ್ಕೂ ಭಾರತದಲ್ಲಿ ವಾಸವಿದ್ದಿರಬೇಕು.

ಇಂಟರ್‌ನ್ಯಾಷನಲ್ ಪರ್ಮಿಟ್ ಇದ್ದರೆ ಸಾಲದಾ?

ಸಾಲದು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ, ಅನ್ನೋದು ಪ್ರತ್ಯೇಕ ಲೈಸೆನ್ಸ್ ಅಲ್ಲ. ನಿಮ್ಮ ಲೈಸೆನ್ಸ್‌ನಲ್ಲಿ ಏನಿದೆ ಅನ್ನೋದನ್ನು ಬೇರೆ ದೇಶದ ಪೊಲೀಸರಿಗೆ ಅರ್ಥವಾಗುವಂತೆ ತಿಳಿಸುವ ಪುಸ್ತಕ ಅಷ್ಟೇ. ಭಾರತ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಇದನ್ನು ಕೊಡುತ್ತದೆ. ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿಯಲ್ಲಿ ಪ್ರಿಂಟ್ ಆಗುತ್ತಿದ್ದ ಈ ಪುಸ್ತಕಕ್ಕೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದೇ ನಮೂನೆ ತಂದು, ಕ್ಯೂಆರ್ ಕೋಡ್ ಸೇರಿಸಿತು. ಇದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಐಡಿಪಿಗೆ ಬೆಲೆಯಿಲ್ಲ. ಜರ್ಮನಿಯಲ್ಲಿ ಅದು ಭಾಷಾಂತರದ ಕೆಲಸ ಮಾಡುತ್ತೆ, ಆದರೆ ಆರು ತಿಂಗಳನ್ನು ಏಳು ಮಾಡಲ್ಲ.

ಹಾಗಾದರೆ ಬದಲಾಯಿಸಿಕೊಳ್ಳೋದು ಹೇಗೆ?

ಜರ್ಮನಿಯ ಚಾಲನಾ ಪರವಾನಗಿ ನಿಯಮಗಳಿಗೆ ಒಂದು ಅನುಬಂಧವಿದೆ, ಅನುಬಂಧ 11. ಅದರಲ್ಲಿ ಕೆಲವು ದೇಶಗಳ ಹೆಸರಿವೆ. ಆ ದೇಶಗಳ ಲೈಸೆನ್ಸ್ ಇದ್ದವರು ಅರ್ಜಿ ಹಾಕಿ, ಹಳೆ ಕಾರ್ಡ್ ಒಪ್ಪಿಸಿ, ಪರೀಕ್ಷೆಯಿಲ್ಲದೆ ಅಥವಾ ಅರ್ಧ ಪರೀಕ್ಷೆಯಲ್ಲೇ ಜರ್ಮನ್ ಲೈಸೆನ್ಸ್ ಪಡೆಯಬಹುದು. ಐರೋಪ್ಯ ಒಕ್ಕೂಟದ ದೇಶಗಳವರಿಗೆ ಅದೂ ಬೇಕಿಲ್ಲ, ಅವರದ್ದು ಹಾಗೇ ನಡೆಯುತ್ತೆ. ಭಾರತ ಅನುಬಂಧ 11ರಲ್ಲಿ ಇಲ್ಲ. ಹಾಗಾಗಿ ನಮ್ಮವರು ಥಿಯರಿ ಮತ್ತು ಪ್ರಾಕ್ಟಿಕಲ್ ಎರಡನ್ನೂ ಪಾಸ್ ಮಾಡಬೇಕು.

ಹಂತಗಳು ಇಷ್ಟು:

ಮೊದಲು ಸ್ಥಳೀಯ ಲೈಸೆನ್ಸ್ ಕಚೇರಿಗೆ ಅರ್ಜಿ. ಜೊತೆಗೆ ಮೂಲ ಲೈಸೆನ್ಸ್, ಅದರ ಭಾಷಾಂತರ, ಬಯೋಮೆಟ್ರಿಕ್ ಫೋಟೋ, ಕಣ್ಣಿನ ಪರೀಕ್ಷೆಯ ಸರ್ಟಿಫಿಕೇಟ್, ಪ್ರಥಮ ಚಿಕಿತ್ಸೆ ಕೋರ್ಸಿನ ಸರ್ಟಿಫಿಕೇಟ್. ಈ ಕೋರ್ಸ್ ತಲಾ 45 ನಿಮಿಷದ 9 ತರಗತಿಗಳದ್ದು, ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಯುತ್ತೆ.

ನಂತರ ಡ್ರೈವಿಂಗ್ ಸ್ಕೂಲ್. ಹೊಸದಾಗಿ ಕಲಿಯುವವರಿಗೆ ಕಡ್ಡಾಯವಾಗಿರುವ ತರಗತಿಗಳು ನಿಮಗೆ ಕಡ್ಡಾಯವಲ್ಲ. ಭಾರತದ ಲೈಸೆನ್ಸ್‌ಗೆ ಸಿಗುವ ಒಂದೇ ರಿಯಾಯಿತಿ ಇದು. ಆದರೆ ಪರೀಕ್ಷೆಗೆ ಸ್ಕೂಲಿನ ಕಾರು, ಸ್ಕೂಲಿನ ಬೋಧಕ ಬೇಕೇ ಬೇಕು. ನಿಮ್ಮನ್ನು ಕಳಿಸುವ ಮುನ್ನ ಅವರು ನಿಮ್ಮ ಚಾಲನೆ ನೋಡುತ್ತಾರೆ. ಬಹಳಷ್ಟು ಜನರಿಗೆ ಕೆಲವು ಕ್ಲಾಸುಗಳ ಖರ್ಚು ತಪ್ಪಲ್ಲ.

ಥಿಯರಿ ಪರೀಕ್ಷೆಯಲ್ಲಿ 30 ಪ್ರಶ್ನೆ. ಪ್ರತಿ ತಪ್ಪಿಗೂ ಅದರ ಗಂಭೀರತೆ ನೋಡಿ ಪಾಯಿಂಟ್. ತಪ್ಪಿನ ಪಾಯಿಂಟ್ 10 ದಾಟಿದರೆ ಫೇಲ್. ಮುಖ್ಯವಾದ, 5 ಪಾಯಿಂಟಿನ ಎರಡು ಪ್ರಶ್ನೆ ತಪ್ಪಾದರೂ ಫೇಲ್. ಜರ್ಮನ್ ಬಿಟ್ಟು ಇಂಗ್ಲಿಷ್, ಟರ್ಕಿಶ್, ಅರೇಬಿಕ್ ಸೇರಿದಂತೆ 12 ಭಾಷೆಗಳಲ್ಲಿ ಬರೆಯಬಹುದು. ಭಾರತದ ಯಾವ ಭಾಷೆಯೂ ಅದರಲ್ಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆ ಕಾರಿಗೆ 55 ನಿಮಿಷ. ಊರೊಳಗಿನ ರಸ್ತೆ, ಹೊರಗಿನ ರಸ್ತೆ, ಆಟೋಬಾನ್ ಎಲ್ಲಾ ಬರಬಹುದು. ಪರೀಕ್ಷಕರು ಸೂಚನೆ ಕೊಡುವುದು ಜರ್ಮನ್ ಭಾಷೆಯಲ್ಲಿ. ಎಡ, ಬಲ, ಮುಂದಿನ ತಿರುವು, ಪಾರ್ಕ್ ಮಾಡಿ ಅನ್ನುವಷ್ಟಾದರೂ ಅರ್ಥವಾಗಬೇಕು. ಹುಟ್ಟಾ ಜರ್ಮನ್ನರೇ ದೊಡ್ಡ ಸಂಖ್ಯೆಯಲ್ಲಿ ಫೇಲಾಗುವ ಪರೀಕ್ಷೆ ಇದು.

ಆರು ತಿಂಗಳು ಮುಗಿದ ಮೇಲೂ ಅರ್ಜಿ ಹಾಕಬಹುದು. ಆದರೆ ಹೊಸ ಕಾರ್ಡ್ ಕೈಗೆ ಬರುವವರೆಗೆ ಸ್ಟೀರಿಂಗ್ ಮುಟ್ಟುವಂತಿಲ್ಲ. ಹಾಗಾಗಿ ಹೋದ ಮೊದಲ ತಿಂಗಳಲ್ಲೇ ಅರ್ಜಿ ಹಾಕುವುದು ಜಾಣತನ.

ಎಡಗಡೆ ಓಡಿಸುವವರು ಅಂತ ಭಾರತವನ್ನು ಬಿಟ್ಟಿದ್ದಾರಾ?

ಅಲ್ಲ. ಜಪಾನ್, ಸಿಂಗಾಪುರ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಎಲ್ಲವೂ ನಮ್ಮ ಹಾಗೇ ಎಡಗಡೆ ಓಡಿಸುವ ದೇಶಗಳು. ಅವೆಲ್ಲ ಅನುಬಂಧ 11ರಲ್ಲಿವೆ.

ಹಾಗಾದರೆ ಇದು ಬಿಳಿಯರ, ಶ್ರೀಮಂತರ ಪಟ್ಟಿಯಾ? ಅಷ್ಟು ಸರಳವೂ ಅಲ್ಲ. ಆಫ್ರಿಕಾದ ನಮೀಬಿಯಾ ಪಟ್ಟಿಯಲ್ಲಿದೆ. ಅಮೆರಿಕದ ರಾಜ್ಯಗಳನ್ನು ಒಂದೊಂದಾಗಿ ಹೆಸರಿಸಿದ್ದಾರೆ, ಆದರೆ ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ಅದರಲ್ಲಿಲ್ಲ. ಸಿಲಿಕಾನ್ ವ್ಯಾಲಿಯಿಂದ ಬರ್ಲಿನ್‌ಗೆ ಬಂದ ಅಮೆರಿಕನ್ ಎಂಜಿನಿಯರ್ ಕೂಡ ಬೆಂಗಳೂರಿನವರ ಪಕ್ಕದಲ್ಲೇ ಕೂತು 30 ಪ್ರಶ್ನೆಗೆ ಉತ್ತರ ಬರೆಯಬೇಕು.

ಪಟ್ಟಿ ನಿಂತಿರುವುದು ಎರಡು ಕಾಲಿನ ಮೇಲೆ. ಒಂದು, ಆ ದೇಶ ಲೈಸೆನ್ಸ್ ಕೊಡುವ ಮುನ್ನ ಸರಿಯಾಗಿ ಪರೀಕ್ಷೆ ಮಾಡುತ್ತೆ ಅನ್ನೋ ನಂಬಿಕೆ. ಎರಡು, ನಮ್ಮವರ ಲೈಸೆನ್ಸನ್ನು ನೀವು ಒಪ್ಪಿದರೆ ನಿಮ್ಮವರದ್ದನ್ನು ನಾವು ಒಪ್ಪುತ್ತೇವೆ ಅನ್ನೋ ಕೊಡು-ಕೊಳ್ಳುವ ಲೆಕ್ಕ. ನೀವು ಎಷ್ಟು ಚೆನ್ನಾಗಿ ಓಡಿಸುತ್ತೀರಿ ಅನ್ನೋದು ಈ ಎರಡರಲ್ಲೂ ಬರುವುದಿಲ್ಲ.

ಒಂದೇ ಕೈ, ಬೇರೆ ಬೇರೆ ಬೆಲೆ

ಇದು ಇನ್ನೂ ಸ್ಪಷ್ಟವಾಗಬೇಕಾದರೆ ಬ್ರಿಟನ್ ನೋಡಿ. ಅಲ್ಲಿ ಭಾರತದ ಲೈಸೆನ್ಸ್ 12 ತಿಂಗಳು ನಡೆಯುತ್ತೆ. ಆಮೇಲೆ ಪ್ರಾವಿಷನಲ್ ಲೈಸೆನ್ಸ್, ಥಿಯರಿ, ಪ್ರಾಕ್ಟಿಕಲ್, ಎಲ್ಲಾ ಮೊದಲಿನಿಂದ. ಅಷ್ಟರವರೆಗೆ ಎಲ್ ಬೋರ್ಡ್ ಹಾಕಿಕೊಂಡು, ಪಕ್ಕದಲ್ಲಿ ಲೈಸೆನ್ಸ್ ಇದ್ದವರನ್ನು ಕೂರಿಸಿಕೊಂಡೇ ಓಡಿಸಬೇಕು. ಆದರೆ ಬ್ರಿಟನ್‌ಗೂ ಒಂದು ಪಟ್ಟಿ ಇದೆ, 2021ರಲ್ಲಿ ಅದಕ್ಕೆ ಯುಎಇ ಸೇರಿತು. ಈಗ ಮಂಗಳೂರಿನ ಇಬ್ಬರು ಅಣ್ಣತಮ್ಮಂದಿರನ್ನು ಊಹಿಸಿಕೊಳ್ಳಿ. ಅಣ್ಣ ದುಬೈಗೆ ಹೋಗಿ ಅಲ್ಲಿ ಪರೀಕ್ಷೆ ಪಾಸ್ ಮಾಡಿ, ನಂತರ ಲಂಡನ್ನಿಗೆ ಬಂದ. ತಮ್ಮ ಮಂಗಳೂರಿನಲ್ಲೇ ಲೈಸೆನ್ಸ್ ಮಾಡಿಸಿ ನೇರ ಲಂಡನ್ನಿಗೆ ಬಂದ. ಅಣ್ಣನಿಗೆ ಅರ್ಜಿ ಹಾಕಿದರೆ ಬ್ರಿಟಿಷ್ ಲೈಸೆನ್ಸ್ ಸಿಗುತ್ತೆ. ತಮ್ಮನಿಗೆ ಎಲ್ ಬೋರ್ಡ್. ಇಬ್ಬರೂ ಪಂಪ್‌ವೆಲ್ ಸರ್ಕಲ್ಲಿನಲ್ಲೇ ಕಾರು ಕಲಿತವರಿರಬಹುದು. ಬ್ರಿಟನ್ ನೋಡುವುದು ಪರೀಕ್ಷೆ ನಡೆಸಿದ ಸರ್ಕಾರ ಯಾವುದು ಅನ್ನೋದನ್ನು.

ಹಾಗಂತ ದುಬೈನಲ್ಲಿ ಪರೀಕ್ಷೆ ಪಾಸಾಗುವುದೂ ಸುಲಭವಲ್ಲ. ರೆಸಿಡೆನ್ಸ್ ವೀಸಾ ಬಂದ ಮೇಲೆ ಅಲ್ಲೂ ಭಾರತದ ಲೈಸೆನ್ಸ್‌ನಲ್ಲಿ ಓಡಿಸುವಂತಿಲ್ಲ. 2023ರಲ್ಲಿ ದುಬೈ ‘ಗೋಲ್ಡನ್ ಚಾನ್ಸ್’ ಅಂತ ಒಂದು ವ್ಯವಸ್ಥೆ ತಂದಿತು. ತಾಯ್ನಾಡಿನ ಲೈಸೆನ್ಸ್ ಇದ್ದವರು ತರಬೇತಿ ಇಲ್ಲದೆ ನೇರ ಪರೀಕ್ಷೆಗೆ ಕೂರಬಹುದು, ಆದರೆ ಒಂದೇ ಸಲ. ಫೇಲಾದರೆ ಎಲ್ಲರಂತೆ ಪೂರ್ತಿ ತರಬೇತಿ, ಪೂರ್ತಿ ಖರ್ಚು.

ನೆದರ್ಲೆಂಡ್ಸ್‌ನ ನಿಯಮ ಎಲ್ಲಕ್ಕಿಂತ ಕುತೂಹಲಕರ. ಅಲ್ಲೂ ಭಾರತ ಪಟ್ಟಿಯಲ್ಲಿಲ್ಲ. ಆದರೆ ವಿದೇಶದಿಂದ ಹೆಚ್ಚು ಸಂಬಳದ ಪರಿಣತರನ್ನು ಕರೆತರಲು ‘30 ಪರ್ಸೆಂಟ್ ರೂಲಿಂಗ್’ ಅನ್ನೋ ತೆರಿಗೆ ವಿನಾಯಿತಿ ಇದೆ. ಈ ವಿನಾಯಿತಿ ಇರುವವರು ಯಾವ ದೇಶದ ಲೈಸೆನ್ಸನ್ನಾದರೂ ಪರೀಕ್ಷೆ ಇಲ್ಲದೆ ಡಚ್ ಲೈಸೆನ್ಸ್‌ಗೆ ಬದಲಾಯಿಸಿಕೊಳ್ಳಬಹುದು. ಜೊತೆಗಿರುವ ಕುಟುಂಬದವರಿಗೂ ಈ ಸೌಲಭ್ಯವಿದೆ. ಅಂದರೆ ಐಂಡ್‌ಹೋವನ್‌ನಲ್ಲಿ ಚಿಪ್ ಕಂಪನಿಗೆ ಸೇರಿದ ಎಂಜಿನಿಯರ್‌ಗೆ ಪರೀಕ್ಷೆ ಬೇಡ. ಅದೇ ಊರಿನಲ್ಲಿ ಓದುತ್ತಾ ಪಾರ್ಟ್ ಟೈಮ್ ದುಡಿಯುವ ವಿದ್ಯಾರ್ಥಿಗೆ ಬೇಕು. ಇಬ್ಬರ ಜೇಬಿನಲ್ಲೂ ಇರುವುದು ಒಂದೇ ಆರ್‌ಟಿಓ ಕೊಟ್ಟ ಕಾರ್ಡ್.

ಇಲ್ಲಿ ರಸ್ತೆ ಸುರಕ್ಷತೆಯ ವಾದ ಸೋಲುತ್ತೆ. ಸಂಬಳ ಜಾಸ್ತಿ ಇದ್ದವರು ಚೆನ್ನಾಗಿ ಬ್ರೇಕ್ ಹಾಕುತ್ತಾರೆ ಅಂತ ಯಾರೂ ಹೇಳಲಾರರು. ಬೇಕಾದ ಕೆಲಸಗಾರ ಬರಲಿ ಅಂತ ಸರ್ಕಾರ ನಿಯಮ ಸಡಿಲಿಸಿದೆ ಅಷ್ಟೇ. ಇದರ ಬಿಸಿ ತಟ್ಟುವುದು ಕಡಿಮೆ ಸಂಬಳದವರಿಗೆ. ಜರ್ಮನಿಯಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವ ನರ್ಸಿಂಗ್ ಕೆಲಸಕ್ಕೆ ಸಾಮಾನ್ಯವಾಗಿ ಕಾರಿನ ಲೈಸೆನ್ಸ್ ಕೇಳುತ್ತಾರೆ. ಊರಿನಲ್ಲಿ ಸಾಲ ಮಾಡಿ ಭಾಷೆ ಕಲಿತು ಹೋದ ನರ್ಸ್‌ಗೆ ಇದು ಇನ್ನೊಂದು ಸುತ್ತಿನ ಖರ್ಚು, ಇನ್ನೊಂದು ಸುತ್ತಿನ ಕಾಯುವಿಕೆ.

ಒಪ್ಪಂದ ಮುರಿದರೆ ಬ್ರಿಟಿಷರಿಗೂ ಇದೇ ಗತಿ

ಲೈಸೆನ್ಸ್ ವಿನಿಮಯ ಎಷ್ಟು ರಾಜಕೀಯ ಅನ್ನೋದಕ್ಕೆ ಬ್ರೆಕ್ಸಿಟ್ ಸಾಕ್ಷಿ. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿದ್ದಾಗ ಬ್ರಿಟಿಷ್ ಲೈಸೆನ್ಸ್ ಸ್ಪೇನ್‌ನಲ್ಲಿ ಸಲೀಸಾಗಿ ನಡೆಯುತ್ತಿತ್ತು. ಹೊರಬಂದ ಮೇಲೆ ತಾತ್ಕಾಲಿಕ ವ್ಯವಸ್ಥೆಯೂ ಮುಗಿದು, 2022ರ ಮೇ 1ರಿಂದ ಸ್ಪೇನ್‌ನಲ್ಲಿ ನೆಲೆಸಿದ್ದ, ಲೈಸೆನ್ಸ್ ಬದಲಾಯಿಸಿಕೊಳ್ಳದ ಬ್ರಿಟಿಷರು ಕಾರು ಓಡಿಸುವಂತಿರಲಿಲ್ಲ. ಹತ್ತಾರು ವರ್ಷ ಅದೇ ರಸ್ತೆಗಳಲ್ಲಿ ಓಡಿಸಿದ್ದ ನಿವೃತ್ತರು ಬಸ್ಸಿಗೆ ಕಾಯಬೇಕಾಯಿತು. ಎರಡು ಸರ್ಕಾರಗಳ ಹೊಸ ಒಪ್ಪಂದ 2023ರ ಮಾರ್ಚ್ 16ಕ್ಕೆ ಜಾರಿಯಾದ ಮೇಲಷ್ಟೇ ಸಮಸ್ಯೆ ಬಗೆಹರಿಯಿತು. ಈ ಹತ್ತೂವರೆ ತಿಂಗಳಲ್ಲಿ ಅವರ ಚಾಲನೆ ಕೆಟ್ಟಿರಲೂ ಇಲ್ಲ, ಆಮೇಲೆ ಸುಧಾರಿಸಲೂ ಇಲ್ಲ.

ಇದರಲ್ಲಿ ನಮಗೊಂದು ಪಾಠವಿದೆ. ಸರ್ಕಾರ ಕೂತು ಮಾತಾಡಿದರೆ ಪಟ್ಟಿ ಬದಲಾಗುತ್ತೆ. 2022ರ ಡಿಸೆಂಬರ್‌ನಲ್ಲಿ ಭಾರತ ಮತ್ತು ಜರ್ಮನಿ ವಲಸೆ ಮತ್ತು ಸಂಚಾರ ಪಾಲುದಾರಿಕೆ ಒಪ್ಪಂದಕ್ಕೆ ಸಹಿ ಹಾಕಿದವು. 2024ರ ಅಕ್ಟೋಬರ್‌ನಲ್ಲಿ ಜರ್ಮನಿ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾ ಸಂಖ್ಯೆಯನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿತು. ಜನ ಬೇಕು, ಆದರೆ ಅವರ ಲೈಸೆನ್ಸ್ ಬೇಡ ಅನ್ನೋ ಈ ವಿರೋಧಾಭಾಸವನ್ನು ಮಾತುಕತೆಯ ಮೇಜಿಗೆ ತರುವುದು ದೆಹಲಿಯ ಕೆಲಸ.

ನಮ್ಮ ಆರ್‌ಟಿಓ ಕಥೆಯೇನು?

ಆದರೆ ಮೇಜಿನ ಆ ಕಡೆ ಕೂತವರು ಒಂದು ಪ್ರಶ್ನೆ ಕೇಳಬಹುದು: ‘ನಿಮ್ಮಲ್ಲಿ ಪರೀಕ್ಷೆ ನಡೆಯುತ್ತಾ?’

ಇದಕ್ಕೆ ಉತ್ತರ ಕೊಡುವುದು ಕಷ್ಟ. ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್, ಸಿಮಿಯನ್ ಜಾಂಕೋವ್, ರೆಮಾ ಹನ್ನಾ ಮತ್ತು ಸೆಂಧಿಲ್ ಮುಲ್ಲೈನಾಥನ್ ದೆಹಲಿಯಲ್ಲಿ 822 ಲೈಸೆನ್ಸ್ ಅರ್ಜಿದಾರರನ್ನು ಹಿಂಬಾಲಿಸಿ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಲೈಸೆನ್ಸ್ ಪಡೆದವರಲ್ಲಿ ಸುಮಾರು ಶೇ. 71ರಷ್ಟು ಜನ ಪರೀಕ್ಷೆಯನ್ನೇ ಕೊಟ್ಟಿರಲಿಲ್ಲ. ಸಂಶೋಧಕರು ತಾವೇ ಬೇರೆ ಪರೀಕ್ಷೆ ಮಾಡಿಸಿದಾಗ ಶೇ. 62ರಷ್ಟು ಜನರಿಗೆ ಓಡಿಸಲು ಸರಿಯಾಗಿ ಬರುತ್ತಿರಲಿಲ್ಲ. ಲೈಸೆನ್ಸ್ ಪಡೆದವರು ಸರಾಸರಿಯಾಗಿ ಸರ್ಕಾರಿ ಶುಲ್ಕದ ಎರಡರಷ್ಟಕ್ಕಿಂತ ಹೆಚ್ಚು ಖರ್ಚು ಮಾಡಿದ್ದರು, ಆ ಹಣ ಹೋಗುತ್ತಿದ್ದುದು ಬ್ರೋಕರ್‌ಗಳಿಗೆ. ಇದು ಹಳೆಯ ಅಧ್ಯಯನ, ದೆಹಲಿಯದ್ದು. ಜರ್ಮನಿ ಇದನ್ನೇ ಕಾರಣ ಅಂತ ಹೇಳಿದೆ ಎಂದೂ ಅಲ್ಲ. ಆದರೆ ‘ಡ್ರೈವಿಂಗ್ ಸ್ಕೂಲ್‌ನವರು ಎಲ್ಲಾ ನೋಡ್ಕೊಂಡ್ರು, ನಾನು ಸುಮ್ನೆ ಒಂದು ರೌಂಡ್ ಹೊಡೆದೆ’ ಅನ್ನೋ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರೇ ದೇಶದ ಶೇ. 30ರಷ್ಟು ಲೈಸೆನ್ಸ್‌ಗಳು ಬೋಗಸ್ ಎಂದು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದಾರೆ.

ಇದರ ಬೆಲೆ ಮೊದಲು ತೆರುವವರು ವಿದೇಶಕ್ಕೆ ಹೋದವರಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲೇ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಎಲ್ಲ ಸಾವಿಗೂ ಕಳಪೆ ಲೈಸೆನ್ಸ್ ಪರೀಕ್ಷೆ ಕಾರಣವಲ್ಲ. ರಸ್ತೆ, ಹೆಲ್ಮೆಟ್, ವೇಗ, ಕುಡಿತ ಎಲ್ಲಾ ಸೇರಿವೆ. ಆದರೆ ಓಡಿಸಲು ಬಾರದವರ ಕೈಗೆ ಕಾರ್ಡ್ ಕೊಡುವ ವ್ಯವಸ್ಥೆ ಆ ಪಟ್ಟಿಯಲ್ಲಿ ಖಂಡಿತ ಇದೆ.

ಸುಧಾರಣೆ ಆಗಿಲ್ಲ ಅಂತಲ್ಲ. ಬೆಂಗಳೂರಿನ ಜ್ಞಾನಭಾರತಿಯಂಥ ಕಡೆ ಸೆನ್ಸರ್ ಇರುವ ಸ್ವಯಂಚಾಲಿತ ಟ್ರ್ಯಾಕ್ ಬಂದಿದೆ. 2021ರ ಜುಲೈ 1ರಿಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮ ಜಾರಿಗೆ ಬಂತು. ಅಲ್ಲಿ ಕಾರಿಗೆ ನಾಲ್ಕು ವಾರಗಳೊಳಗೆ 29 ಗಂಟೆ ತರಬೇತಿ ಮುಗಿಸಿದರೆ ಆರ್‌ಟಿಓ ಟೆಸ್ಟ್ ಬೇಕಿಲ್ಲ. ತರಬೇತಿ ಗಂಟೆ ಹೆಚ್ಚಿದ್ದು ಒಳ್ಳೆಯದೇ. ಆದರೆ ಕಲಿಸಿ ಫೀಸ್ ತಗೊಳ್ಳುವವರೇ ಪಾಸ್ ಮಾಡುವವರೂ ಆದರೆ, ಫೇಲ್ ಮಾಡುವ ಧೈರ್ಯ ಯಾರಿಗಿರುತ್ತೆ? ಜರ್ಮನಿಯಲ್ಲಿ ಕಲಿಸುವುದು ಸ್ಕೂಲ್, ಪರೀಕ್ಷೆ ಮಾಡುವುದು ಬೇರೆ ಸಂಸ್ಥೆ.

ವಿದೇಶಿ ಲೈಸೆನ್ಸ್ ಹಿಡಿದು ಭಾರತಕ್ಕೆ ಬಂದರೆ?

ನಮ್ಮ ಕಾನೂನು ಇಲ್ಲಿ ಬಹಳ ಉದಾರ. 1988ರ ಮೋಟಾರು ವಾಹನ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಭಾರತದ ಹೊರಗಿನ ಯಾವುದೇ ದೇಶದ ಸಕ್ಷಮ ಪ್ರಾಧಿಕಾರ ಕೊಟ್ಟ ಲೈಸೆನ್ಸ್ ಇದ್ದವರಿಗೆ ಅದೇ ವರ್ಗದ ವಾಹನಕ್ಕೆ ಡ್ರೈವಿಂಗ್ ಟೆಸ್ಟ್ ಬೇಕಿಲ್ಲ. ಆರೋಗ್ಯ ಸಂಬಂಧಿ ಷರತ್ತುಗಳನ್ನು ಪೂರೈಸಿ, ಅರ್ಜಿ ಮತ್ತು ದಾಖಲೆ ಕೊಡಬೇಕು. ದೇಶಗಳ ಪಟ್ಟಿ ಇಲ್ಲ, ‘ನೀವು ಒಪ್ಪಿದರೆ ನಾವು ಒಪ್ಪುತ್ತೇವೆ’ ಅನ್ನೋ ಷರತ್ತೂ ಇಲ್ಲ. ಬಲಗಡೆ ಓಡಿಸಿ ಅಭ್ಯಾಸವಾದವರು ನಾಳೆಯಿಂದ ಕೆ.ಆರ್. ಮಾರ್ಕೆಟ್ ಮುಂದೆ ಎಡಗಡೆ ಓಡಿಸಬಹುದು ಅಂತ ನಾವು ನಂಬಿಬಿಡುತ್ತೇವೆ. ವಿದೇಶದಿಂದ ವಾಪಸ್ ಬರುವವರು ಈ ಸೆಕ್ಷನ್ ನೆನಪಿಟ್ಟುಕೊಳ್ಳಿ. ಕೌಂಟರಿನಲ್ಲಿ ‘ಟೆಸ್ಟ್ ಕೊಡ್ಬೇಕು’ ಅಂದರೆ ಕಾಯ್ದೆ ತೋರಿಸಬಹುದು.

ಹೊರಡುವ ಮುನ್ನ ಮಾಡಬೇಕಾದ್ದು

1. ಲೈಸೆನ್ಸ್ ಅವಧಿ ನೋಡಿ. ಮುಗಿಯಲು ಒಂದು ವರ್ಷದೊಳಗಿದ್ದರೆ ಇಲ್ಲೇ ರಿನ್ಯೂ ಮಾಡಿಸಿ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಇಲ್ಲೂ ಮತ್ತೆ ಟೆಸ್ಟ್ ಕೊಡಬೇಕಾಗುತ್ತೆ.

2. ಐಡಿಪಿ ಮಾಡಿಸಿ. ಪರಿವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಶುಲ್ಕ 1,000 ರೂ. ವಿದೇಶದಲ್ಲಿದ್ದಾಗ ಅವಧಿ ಮುಗಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಸಲ್ಲಿಸಲು 2021ರಿಂದ ಅವಕಾಶವಿದೆ.

3. ಮೂಲ ಕಾರ್ಡ್ ಜೊತೆಗೇ ಇರಲಿ. ಡಿಜಿಲಾಕರ್‌ನ ಫೋಟೋ ಇಟ್ಟುಕೊಂಡು ವಿದೇಶದ ರಸ್ತೆಗೆ ಇಳಿಯಬೇಡಿ. ಎರಡೂ ಬದಿಯ ಕಾಪಿ ತೆಗೆದಿಟ್ಟುಕೊಳ್ಳಿ, ಹೊಸ ಲೈಸೆನ್ಸ್ ಕೊಡುವಾಗ ಹಳೆಯದನ್ನು ಒಪ್ಪಿಸಲು ಕೇಳಬಹುದು.

4. ಅಲ್ಲಿಗೆ ಹೋಗಿ ವಾಸ ಶುರುವಾದ ದಿನಾಂಕ ಬರೆದಿಟ್ಟುಕೊಳ್ಳಿ. ಗಡುವಿನ ದಿನ ಮೊಬೈಲ್‌ನಲ್ಲಿ ಅಲಾರಂ ಇಡಿ. ನಿಯಮ ಆಗಾಗ ಬದಲಾಗುತ್ತೆ, ಹಾಗಾಗಿ ಆಯಾ ಸರ್ಕಾರದ ಅಧಿಕೃತ ವೆಬ್‌ಸೈಟನ್ನೇ ನೋಡಿ. ‘ನಮ್ ಫ್ರೆಂಡ್ ಒಂದು ವರ್ಷ ಓಡಿಸ್ದ, ಏನೂ ಆಗ್ಲಿಲ್ಲ’ ಅನ್ನೋ ಮಾತು ಕೋರ್ಟಿನಲ್ಲಿ ನಿಲ್ಲಲ್ಲ.

5. ಇಲ್ಲಿರುವಾಗಲೇ ನಿಜವಾಗಿ ಓಡಿಸಲು ಕಲಿಯಿರಿ. ಬ್ರೋಕರ್ ಕೊಡಿಸಿದ ಲೈಸೆನ್ಸ್ ಅಲ್ಲಿನ 55 ನಿಮಿಷದ ಪರೀಕ್ಷೆಯಲ್ಲಿ ಕೈಹಿಡಿಯಲ್ಲ.

ಕೇಳಬೇಕಾದ್ದು ಇಬ್ಬರನ್ನೂ

ಪಾಸ್‌ಪೋರ್ಟ್ ಬಲದ ಬಗ್ಗೆ ನಾವು ಪ್ರತಿ ವರ್ಷ ಚರ್ಚೆ ಮಾಡುತ್ತೇವೆ. ಎಷ್ಟು ದೇಶಕ್ಕೆ ವೀಸಾ ಇಲ್ಲದೆ ಹೋಗಬಹುದು ಅಂತ ಲೆಕ್ಕ ಹಾಕುತ್ತೇವೆ. ಲೈಸೆನ್ಸ್ ಕೂಡ ಅಂಥದ್ದೇ ಒಂದು ಅಳತೆಗೋಲು. ಒಂದು ಸರ್ಕಾರ ತನ್ನ ಪ್ರಜೆಗೆ ಕೊಟ್ಟ ಸರ್ಟಿಫಿಕೇಟನ್ನು ಬೇರೆ ಸರ್ಕಾರ ಎಷ್ಟು ನಂಬುತ್ತೆ ಅನ್ನೋದನ್ನು ಅದು ತೋರಿಸುತ್ತೆ.

ಹಾಗಾಗಿ ಬೇಡಿಕೆ ಎರಡು ಕಡೆಗೆ ಹೋಗಬೇಕು. ನುರಿತ ಕೆಲಸಗಾರರನ್ನು ಕಳಿಸುವ ಒಪ್ಪಂದಕ್ಕೆ ಸಹಿ ಹಾಕುವ ಕೇಂದ್ರ ಸರ್ಕಾರ, ಲೈಸೆನ್ಸ್ ವಿನಿಮಯವನ್ನೂ ಅದರೊಳಗೆ ತರಲಿ. ಡಚ್ ಸರ್ಕಾರ ಸಂಬಳ ನೋಡಿ ಸಡಿಲಿಸಬಲ್ಲ ನಿಯಮವನ್ನು ನರ್ಸ್‌ಗಳಿಗಾಗಿ, ವಿದ್ಯಾರ್ಥಿಗಳಿಗಾಗಿ ಸಡಿಲಿಸುವುದು ಅಸಾಧ್ಯವೇನಲ್ಲ. ಅದರ ಜೊತೆಗೆ, ಮಾತುಕತೆಯಲ್ಲಿ ನಮ್ಮವರು ತಲೆ ಎತ್ತಿ ಕೂರಬೇಕಾದರೆ ರಾಜ್ಯ ಸರ್ಕಾರ ಪ್ರತಿ ಆರ್‌ಟಿಓದಲ್ಲೂ ನಿಜವಾದ ಪರೀಕ್ಷೆ ನಡೆಸಲಿ, ಎಷ್ಟು ಜನ ಬಂದರು, ಎಷ್ಟು ಜನ ಫೇಲಾದರು ಅನ್ನೋದನ್ನು ತಿಂಗಳು ತಿಂಗಳು ಪ್ರಕಟಿಸಲಿ. ಮೊದಲನೆಯದು ವಿದೇಶಕ್ಕೆ ಹೋಗುವ ಕೆಲವರಿಗೆ ಅನುಕೂಲ. ಎರಡನೆಯದು ಇಲ್ಲೇ ಇದ್ದು ದಿನಾ ರಸ್ತೆ ದಾಟುವ ಎಲ್ಲರಿಗೂ ಬೇಕಾದದ್ದು.